ಕಂದಕದಲ್ಲಿ ಅವ್ವನ ಜಾಗ

ನಾರಾಯಣಗೂಡ, ಹೈದರಾಬಾದ್
೧೪ ಅಕ್ಟೋಬರ್ ೨೦೨೪

ಅಕ್ಕ ಶಿವಗಂಗಾಳಿಗೆ ತಮ್ಮ ಕಲ್ಲೇಶನ ಶರಣು.

ಮೊದಲು ಸರ್ಕಾರದವರು ಕೊಟ್ಟ ಮಾತು, ತಪ್ಪಿದ ಮಾತು ಹೇಳಿಬಿಡುತ್ತೇನೆ. ದೊರೆಕೋಟೆಯನ್ನು ಬಿಲ್ಡರನಿಗೆ ಕೊಡುವುದಿಲ್ಲ ಎಂದರು, ಕೊಡಲಿಲ್ಲ. ಬೇಲಿ ಹಾಕುತ್ತೇವೆ ಎಂದರು, ಹಾಕಿದರು. ಕಲ್ಲು ಒಡೆದವರ ಹೆಸರನ್ನು ಫಲಕದಲ್ಲಿ ಬರೆಸುತ್ತೇವೆ ಎಂದರು, ಒಡೆಸಿದವನ ಹೆಸರನ್ನಷ್ಟೇ ಬರೆಸಿದರು. ನಮ್ಮ ಸಮಾಧಿಗಳಿಗೆ ದಾರಿ ಬಿಡುತ್ತೇವೆ ಎಂದರು, ಗೇಟಿಗೆ ಬೀಗ ಜಡಿದರು. ಇನ್ನು ಮುಂದೆ ಅಲ್ಲಿ ಯಾರನ್ನೂ ಮಣ್ಣು ಮಾಡುವಂತಿಲ್ಲ ಎಂದು ಆದೇಶವೂ ಬಂದಿದೆ. ಅಪ್ಪನ ಪಕ್ಕದಲ್ಲಿ ಅವ್ವನಿಗೆ ಜಾಗವಿಲ್ಲ.

ಕಳೆದ ತಿಂಗಳು ನೀನು ಕಲಬುರಗಿಯಿಂದ ಫೋನ್ ಮಾಡಿ ಇದನ್ನೇ ಕೇಳಿದಾಗ ಮೀಟಿಂಗಿನಲ್ಲಿದ್ದೇನೆ ಎಂದು ಕಟ್ ಮಾಡಿದೆ. ಮೀಟಿಂಗೇನೂ ಇರಲಿಲ್ಲ. ಇಷ್ಟು ತಡ ಮಾಡಿದ್ದಕ್ಕೆ ಬೈದುಬಿಡು. ಫೋನಿನಲ್ಲಿ ನಾವಿಬ್ಬರೂ ಜಗಳಕ್ಕೇ ಇಳಿಯುತ್ತೇವೆ, ಅದಕ್ಕೇ ಕಾಗದ ಹಿಡಿದೆ.

ಅವ್ವ ಆರಾಮಾಗಿದ್ದಾಳೆ ಎಂದು ಸುಳ್ಳು ಬರೆಯಲಾರೆ. ರೊಟ್ಟಿ ಬಿಟ್ಟಿದ್ದಾಳೆ, ಗಂಜಿಯ ಮೇಲಿದ್ದಾಳೆ. ಡಾಕ್ಟರು ಕಣ್ಣು ತಪ್ಪಿಸಿ ಮಾತಾಡುತ್ತಾರೆ. ಅವಳ ಬಾಯಿಗೆ ಮಾತ್ರ ಏನೂ ಆಗಿಲ್ಲ. ಮೊನ್ನೆ ದಸರೆಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. "ಬದುಕಿದ್ದಾಗ ಆ ಮನಿಷಾ ಹಾಸಿಗಿ ಪೂರಾ ತಾನ ಹಿಡೀತಿದ್ದ," ಅಂದಳು. "ಅಲ್ಲ್ಯಾದ್ರೂ ನನಗ ಕುಂದ್ರಾಕ ಜಾಗ ಬಿಟ್ಟಾನೇನು, ಒಮ್ಮೆ ಹೋಗಿ ನೋಡಿ ಬಾರೋ." ಬೀಗದ ಸುದ್ದಿ ಅವಳಿಗಿನ್ನೂ ಹೇಳಿರಲಿಲ್ಲ. ನಕ್ಕು ಎದ್ದುಬಂದೆ.

ನಿನ್ನ ಮಗಳು ರಶ್ಮಿ, ಆ ಕೋಟೆಯ ಕತೆ ಬರೆದು ಕಳಿಸು ಮಾಮಾ ಎಂದಿದ್ದಳು. ಓದಿ ಹೇಳು. ನಿಜಾಮರ ಕಾಲದಲ್ಲಿ ಇಲ್ಲಿದ್ದ ಒಬ್ಬ ಇಂಗ್ಲಿಷ್ ಕ್ಯಾಪ್ಟನ್‌ಗೆ ತನ್ನೂರಿನ ಕೋಟೆ ನೆನಪಾಗಿ ನಿದ್ದೆ ಹತ್ತಲಿಲ್ಲವಂತೆ. ಅಂಥದ್ದೇ ಇಲ್ಲೂ ಬೇಕೆಂದು ಕೊಂಡಾಪುರದ ಆಚೆಯ ಬಂಡೆಯ ಮೇಲೆ ದುಂಡು ಬುರುಜು ಎಬ್ಬಿಸಿದ. ಸುತ್ತ ಕಂದಕ ತೋಡಿಸಿದ. ಕುಡಿಯಲು ನೀರಿಲ್ಲದ ಜಾಗದಲ್ಲಿ ಕಂದಕಕ್ಕೆ ನೀರು ಹೊರಿಸಿದ. ಹೊತ್ತವರು ಕಲಬುರಗಿ ಕಡೆಯಿಂದ ಹಿಡಿದು ತಂದ ನಮ್ಮ ಜನ. ಅವನ ಮೇಲೆ ದಂಡೆತ್ತಿ ಯಾರೂ ಬರಲಿಲ್ಲ. ಜ್ವರ ಬಂತು, ಮಾಳಿಗೆ ಏರುವ ಮೊದಲೇ ಸತ್ತ. ಅರ್ಧ ಕಲ್ಲು ರಸ್ತೆಗೆ ಹೋಯಿತು, ಅರ್ಧ ಊರವರ ಗೋಡೆಗೆ. ಈಗಿರುವುದು ಒಂದು ಬದಿ ಸೀಳಿದ ಬುರುಜು, ಕದವಿಲ್ಲದ ಒಂದು ಕಮಾನು, ಮಣ್ಣು ತುಂಬಿಕೊಂಡ ಆ ಕಂದಕ. ಸುತ್ತೆಲ್ಲ ಬರೀ ಬಂಡೆ. ಕುಣಿ ತೋಡುವಷ್ಟು ಮಣ್ಣು ಸಿಕ್ಕದ್ದು ಕಂದಕದಲ್ಲಿ ಮಾತ್ರ. ಅದಕ್ಕೇ ಅಲ್ಲಿ ದುಡಿದು ಸತ್ತವರನ್ನು ನಮ್ಮ ಪದ್ಧತಿಯಂತೆ ಅಲ್ಲೇ ಕುಳ್ಳಿರಿಸಿ ಹೂತರು. ಅವರ ಮಕ್ಕಳನ್ನೂ ಹೂತರು. ನಮ್ಮ ಅಪ್ಪ ಶಾಂತಪ್ಪನವರೂ ಅಲ್ಲೇ.

ಬಿಲ್ಡರ್ ಜೆಸಿಬಿ ತಂದು ನಿಲ್ಲಿಸಿದ ದಿನ ನಾವು ಅದರ ಮುಂದೆ ಮಲಗಿದೆವು. ಸಮಿತಿ ಕಟ್ಟಿದೆವು, ಧರಣಿ ಕೂತೆವು, ಲಾಠಿ ತಿಂದೆವು. ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಒಂದೇ ಕೂಗು: ಕೋಟೆಯ ನೆಲಕ್ಕೆ ಒಂದು ಗುದ್ದಲಿಯೂ ಬೀಳಬಾರದು. ಸತ್ತವರನ್ನು ಹೂಳುವ ಜನ ನಾವು. ಅಷ್ಟು ವರ್ಷ ಗಂಟಲು ಹರಿದುಕೊಂಡೆವು, ಕುಣಿ ತೋಡುವುದಕ್ಕೂ ಗುದ್ದಲಿಯೇ ಬೇಕು ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಗೆದ್ದೆವು. ಕೇಳಿದ್ದನ್ನು ಸರ್ಕಾರ ಅಕ್ಷರಕ್ಕೆ ಅಕ್ಷರ ಕೊಟ್ಟಿತು.

ಆದೇಶ ಬರೆದ ಇಲಾಖೆಯ ಅಧಿಕಾರಿ ಅರವಿಂದ್ ಹತ್ತಿರ ಹೋದೆವು. ಕೆಟ್ಟವನಲ್ಲ, ಚಹಾ ತರಿಸಿದ. "ಮೀರೇ ಅಡಿಗಾರು ಕದಾ ಸಾರ್," ನೀವೇ ಕೇಳಿದ್ದಲ್ಲವೇ ಅಂದ. ನಾವು ಕೇಳಿದ್ದು ಬಿಲ್ಡರನ ಗುದ್ದಲಿಯ ಮಾತು ಎಂದೆ. ಗುದ್ದಲಿಯಲ್ಲಿ ನಿಮ್ಮದು, ಅವರದು ಎಂದು ಬೇರೆ ಮಾಡಿ ಬರೆಯಲು ಆಗ ನೀವೇ ಬಿಡಲಿಲ್ಲ ಎಂದ. ಚಹಾ ಹಾಗೇ ಉಳಿಯಿತು.

ಅವ್ವನ ಕುಣಿಗೆ ಪರವಾನಗಿ ಕೇಳಬೇಕೋ ಬೇಡವೋ ಎಂದು ಸಮಿತಿಯಲ್ಲಿ ಈಗ ಎರಡು ಬಣವಾಗಿದೆ. ಮೊದಲಿನಿಂದ ಜೊತೆಗಿದ್ದ ಸೂರ್ಯಕಾಂತ ಹೇಳುವುದು ಹೀಗೆ: "ಒಂದು ಕುಣಿಗೆ ಪರವಾನಗಿ ಕೇಳಿದ್ಯೋ, ಬಿಲ್ಡರನ ವಕೀಲ ಅದನ್ನ ಹಿಡಕೊಂಡು ಪಾಯಾ ತೋಡಾಕ ಬರ್ತಾನ. ಸತ್ತವರು ಒಳಗದಾರ, ಅವರ ನೆಲ ಉಳೀಲಿ." ಗದಿಗೆಮ್ಮ, ಗಂಡನನ್ನು ಅಲ್ಲಿ ಹೂತವಳು, ಸುಮ್ಮನಿರಲಿಲ್ಲ. "ಭಾಳ ಚಲೋ ಆತ್ರಿ ಸೂರ್ಯಕಾಂತಣ್ಣ. ನಿಮ್ಮ ಕೋಟಿ ಉಳೀತು, ನಮ್ಮ ಮಂದಿ ಒಳಗ ಜೇಲಿಗೆ ಬಿದ್ರು. ಅಮಾವಾಸ್ಯಿಗೆ ನಾ ಗೇಟಿನ ಸಂದ್ಯಾಗಿಂದ ಎಡಿ ಒಗೀಲೇನು?" ಇಬ್ಬರ ಮಾತೂ ಖರೆ. ಬರುವ ಸಭೆಯಲ್ಲಿ ಸರಿಸಮ ಕೈ ಎದ್ದರೆ ಸಂಚಾಲಕನಾದ ನನ್ನ ಕೈ ತೀರ್ಮಾನ ಮಾಡಬೇಕು.

ಭಾವನವರಿಗೆ ಶರಣು ಹೇಳು. ರಶ್ಮಿಗೆ ಆಶೀರ್ವಾದ, ಅವಳು ಕೂಗುವುದಕ್ಕೆ ಮುಂಚೆ ಯೋಚಿಸುವವಳಾಗಲಿ. ನಿನ್ನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೋ.

ನಿನ್ನ ತಮ್ಮ,
ಕಲ್ಲೇಶ

ತಾ.ಕ.: ನಿನ್ನೆ ಅವ್ವನಿಗೆ ಎಲ್ಲ ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ, "ಸೂರ್ಯಕಾಂತ ಖರೇ ಹೇಳಾಕತ್ತಾನ. ನನ್ನ ಸುಟ್ಟುಬಿಡ್ರಿ. ಈಗ ಕರೆಂಟಿನ ಮಶೀನ ಬಂದಾವಂತಲ್ಲ, ನಿಮಗೂ ಸಸಾರ," ಅಂದಳು. ನಮ್ಮ ಮನೆತನದಲ್ಲಿ ಯಾರನ್ನೂ ಸುಟ್ಟಿಲ್ಲ, ನಿನಗೆ ಗೊತ್ತು. ಹಾಗನ್ನಬೇಡ ಎಂದು ಅವಳ ಬಾಯಿ ಮುಚ್ಚಬೇಕಾಗಿತ್ತು. ನನ್ನ ತಲೆಗೆ ಮೊದಲು ಹೊಳೆದದ್ದು, ಇನ್ನು ಸಮಿತಿ ಒಡೆಯುವುದಿಲ್ಲ ಎಂದು. ಎದೆ ಹಗುರಾಯಿತು, ಅಕ್ಕಾ. ಅದನ್ನು ಅವಳು ನನ್ನ ಮುಖದಲ್ಲಿ ಕಂಡಳು. ಕಂಡು ಗೋಡೆ ಕಡೆ ಹೊರಳಿದಳು. ಅಲ್ಲಿಂದ ನನ್ನ ಜೊತೆ ಮಾತಿಲ್ಲ.

ಅವ್ವನ ಪರವಾಗಿ ನಿಂತು ಮಾತಾಡುವ ಮುಖ ನನಗೆ ಉಳಿದಿಲ್ಲ. ನೀನು ಬಂದು ಮಾತಾಡು, ನನ್ನ ವಿರುದ್ಧವೇ ಆದರೂ ಆಗಲಿ. ಸಭೆ ಸೂರ್ಯಕಾಂತನ ಮನೆಯ ಮಹಡಿಯಲ್ಲಿ. ಇದೇ ರವಿವಾರ, ಇಪ್ಪತ್ತನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ.