ಮೊದಲು ಯಾರಿಗೂ ತೋರಿಸಿಲ್ಲ

ಜನವರಿ 29, ಬುಧವಾರ. ಅಮಾವಾಸ್ಯೆ

ಅಂಗಡಿಯ ಜೆರಾಕ್ಸ್ ಮಷೀನು ಮತ್ತೆ ಪೇಪರ್ ನುಂಗಿತು. ಬೆಳಿಗ್ಗೆಯಿಂದ ಮೂರನೇ ಸಲ. ಮುಚ್ಚಳ ತೆಗೆದು ಎಳೆದರೆ ಯಾರದೋ ಆಧಾರ್ ಪ್ರತಿ ಮುದ್ದೆಯಾಗಿ ಬಂತು. ಕೈಯೆಲ್ಲ ಮಸಿ.

ಎದುರಿನ ವೆಲ್ಡಿಂಗ್ ಲೈನು ತಣ್ಣಗಿದೆ. ಅಮಾವಾಸ್ಯೆ ದಿನ ಕೂಡ್ಲಿಗಿಯ ಈ ಹದಿನಾಲ್ಕು ಶೆಡ್ಡಿನವರು ಕಿಡಿ ಹಾರಿಸುವುದಿಲ್ಲ. ಯಾರು ಹೊಸದಾಗಿ ಏನು ಮಾಡಿದ್ದಾರೋ ಅದನ್ನು ಮುಂದಿನ ಬಯಲಿಗೆ ತಳ್ಳಿಕೊಂಡು ಬಂದು, ಕಾಯಿ ಒಡೆದು, ನಿಂತುಬಿಡುತ್ತಾರೆ. ಯಾರು ಬೇಕಾದರೂ ಟೇಪು ಹಿಡಿಯಬಹುದು. ಅಳತೆ ಕೊಡುವುದು ಅಂತ ಅದಕ್ಕೆ ಹೆಸರು. ಅಳೆದವನು ಎಲೆ ಅಡಿಕೆ ಕೊಟ್ಟರೆ ಮುಗಿಯಿತು, ದುಡ್ಡಿಲ್ಲ. ತಾನು ತಲೆ ಕೆಡಿಸಿಕೊಂಡು ಮಾಡಿದ್ದನ್ನು ಪಕ್ಕದ ಅಂಗಡಿಯವನಿಗೇ ಕರೆದು ತೋರಿಸುವ ದಡ್ಡರು ಇನ್ನೆಲ್ಲಾದರೂ ಇದ್ದಾರಾ? ಸಾಲದ್ದಕ್ಕೆ ಆ ಎಲೆ ಅಡಿಕೆಯನ್ನು ನನ್ನ ಮೆಟ್ಟಿಲಿಗೇ ಉಗುಳುತ್ತಾರೆ.

ಇವತ್ತು ಕರಿಸಿದ್ದಪ್ಪ ಮಾಮನದು. ಹುಣಸೆಹಣ್ಣಿನ ಬೀಜ ತೆಗೆಯುವ ಮಷೀನು. ಎರಡು ರೋಲರ್, ಮೇಲೆ ಹಳೇ ಟೈರಿನ ರಬ್ಬರ್. ಮೂರು ವರ್ಷ ಒದ್ದಾಡಿದ, ಬೀಜದ ಜೊತೆ ಹಣ್ಣೂ ಜಜ್ಜಿ ಹೋಗುತ್ತಿತ್ತು. ಕೊನೆಗೆ ದಾರಿ ತೋರಿಸಿದವಳು ಬಯಲಿನ ಬೇವಿನ ಕೆಳಗೆ ಕೂತು ಹುಣಸೆ ಬಿಡಿಸುವ ಎರ್ರಮ್ಮ. "ಜಜ್ಜಿದ್ರ ಬರಂಗಿಲ್ಲೋ. ಬೆರಳಾಗ ಹಿಂಗ ತಿರುವಬೇಕು. ಒಂದು ಬೆರಳು ನಿಂದ್ರತೈತಿ, ಇನ್ನೊಂದು ಓಡತೈತಿ." ಮಾಮ ಒಂದು ರೋಲರಿನ ವೇಗ ಇಳಿಸಿದ. ಬೀಜ ಪಟಪಟ ಉದುರಿತು. ಜರಡಿ ಪಕ್ಕದ ಶೆಡ್ಡಿನ ಮರುಳಪ್ಪನ ಐಡಿಯಾ.

ಹಿರೇಹಡಗಲಿಯವನೊಬ್ಬ ಲಗ್ನಪತ್ರಿಕೆಯ ಬೆನ್ನಿಗೆ ಎಲ್ಲ ಅಳತೆ ಬರೆದುಕೊಂಡ. ನಾನು ಫೋನಿನಲ್ಲಿ ನಾಲ್ಕು ಫೋಟೋ ತೆಗೆದೆ.

"ಮಾಮ, ಅವ ನಾಳೆ ನಿನಗಿಂತ ಕಮ್ಮಿಗೆ ಮಾರ್ತಾನ ನೋಡು."

"ಮಾರ್ಲಿ ಬಿಡವ್ವ. ಮಾರಾಕ ಹೋದ್ರ ಏನರ ಸುಧಾರಿಸ್ತಾನ. ಆವಾಗ ನಾನೂ ಟೇಪ್ ಹಿಡಕಂಡು ಹೋಗ್ತೀನಿ."

ಇವನಿಗೆ ಹೇಳಿ ಪ್ರಯೋಜನವಿಲ್ಲ.

ಫೆಬ್ರವರಿ 6, ಗುರುವಾರ

ಕಂಪನಿಯವನೊಬ್ಬ ಬಂದಿದ್ದ. ಕ್ರಾಂತಿಕುಮಾರ್. ಮುಕ್ತಾಂಕುರ ಅಗ್ರಿ ಅಂತ ಬೆಂಗಳೂರಿನ ಕಂಪನಿಗೆ ಈ ಕಡೆಯ ಮ್ಯಾನೇಜರ್. ತಾನೂ ಹರಪನಹಳ್ಳಿಯವನೇ ಅಂತ ಎರಡು ಸಲ ಹೇಳಿದ, ಆಮೇಲೆ ಕರವಸ್ತ್ರದಿಂದ ಕುರ್ಚಿ ಒರೆಸಿ ಕೂತ. ನಾನು ದಿನಾ ಒರೆಸುವ ಕುರ್ಚಿ!

ಪೋಸ್ಟರ್ ಪ್ರಿಂಟ್ ಆಗಬೇಕಿತ್ತು. 'ಓಪನ್ ಇನ್ನೋವೇಶನ್ ಚಾಲೆಂಜ್'. ಒಂದೇ ಹಾಳೆಯಲ್ಲಿ ಓಪನ್ ಅನ್ನುವ ಮಾತು ಒಂಬತ್ತು ಸಲ. ಎಣಿಸಿದೆ.

"ಈಗಿನ ಬಿಸಿನೆಸ್ ಅಂದ್ರೆ ಮುಚ್ಚಿಟ್ಕಣಾದಲ್ಲ ಮೇಡಂ. ಹಂಚ್ಕಣಾದು. ನಮ್ ಕಂಪನಿ ಸ್ಟ್ರಾಟಜಿನೇ ಅದು."

"ಹಂಗಂದ್ರ ನಿಮ್ಮ ಕಂಪನಿಯವ್ರು ಏನು ಹಂಚ್ತೀರಿ?"

"ಅವಕಾಶ" ಅಂದ. ನಗಲೇ ಇಲ್ಲ.

ಆದರೂ... ಮಾಮನ ಮಷೀನು ಗೆದ್ದರೆ? ಅರವತ್ತು ವರ್ಷದವನ ಫೋಟೋ ಒಂದು ಸಲವಾದರೂ ಪೇಪರಿನಲ್ಲಿ ಬಂದರೆ?

ಫೆಬ್ರವರಿ 11, ಮಂಗಳವಾರ. ಸಂಜೆ 4

ಮಾಮನನ್ನು ಕೂರಿಸಿಕೊಂಡು ಫಾರ್ಮ್ ತುಂಬಿದೆ. ಎಲ್ಲ ಇಂಗ್ಲಿಷ್. ಕಂಡುಹಿಡಿದವರ ಹೆಸರು ಅನ್ನುವಲ್ಲಿ "ಎರ್ರಮ್ಮಂದು ಬರಿ, ಮರುಳಪ್ಪಂದೂ ಬರಿ" ಅಂದ. ಒಂದೇ ಹೆಸರಿಗೆ ಜಾಗ. ಅವನದೇ ಹಾಕಿದೆ. ಮುಖ ಸಣ್ಣದು ಮಾಡಿಕೊಂಡ.

ಕೊನೆಯ ಹತ್ತಿರ ಒಂದು ಪ್ರಶ್ನೆ: ಇದನ್ನು ಮೊದಲು ಸಾರ್ವಜನಿಕವಾಗಿ ತೋರಿಸಿದ್ದೀರಾ? ಹೌದು ಅಂತ ಒತ್ತಿದೆ. ಕೆಂಪು ಅಕ್ಷರ ಬಂತು. ಅರ್ಹರಲ್ಲ. ಹಿಂದಕ್ಕೆ ಹೋಗಿ ಇಲ್ಲ ಅಂತ ಒತ್ತಿದೆ. ಹಸಿರಾಯಿತು. ಮಾಮ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. ಅವನಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ? ಓದಿ ಒಪ್ಪಿದ್ದೇನೆ ಅಂತ ಹನ್ನೆರಡು ವರ್ಷದಿಂದ ಅರ್ಧ ತಾಲ್ಲೂಕಿನ ಪರವಾಗಿ ನಾನೇ ಒಪ್ಪಿದ್ದೇನೆ. ಒಂದನ್ನೂ ಪೂರ್ತಿ ಓದಿಲ್ಲ.

"ಓಟಿಪಿ ಹೇಳು ಮಾಮ."

ಫೋನ್ ದೂರ ಹಿಡಿದು ಆರು ಅಂಕಿ ಓದಿದ, ಮಗ್ಗಿ ಒಪ್ಪಿಸಿದ ಹಾಗೆ.

ಮಾರ್ಚ್ 9, ಭಾನುವಾರ

ಮಾಮನಿಗೆ ಮೊದಲ ಬಹುಮಾನ. ಬಯಲಿನಲ್ಲೇ ಶಾಮಿಯಾನ. ಶಾಲು, ಗಾಜಿನ ಫಲಕ, ಕಂಪನಿಯವರ ಕೋಟು. ಫೋಟೋದಲ್ಲಿ ಅಡ್ಡ ಬರುತ್ತೆ ಅಂತ ಎರ್ರಮ್ಮನನ್ನು ಬೇವಿನ ಕೆಳಗಿನಿಂದ ಎಬ್ಬಿಸಿದರು. ಮಾಮ ಮೈಕ್ ಹಿಡಿದು "ಇದನ್ನ ನಾನೊಬ್ಬನ ಮಾಡಿಲ್ರಿ, ಆಕಿ ಅಲ್ಲಿ ನಿಂತಾಳಲ್ಲ..." ಅನ್ನುವಷ್ಟರಲ್ಲಿ ಕ್ರಾಂತಿಕುಮಾರ್ ಮೈಕ್ ಕಿತ್ತುಕೊಂಡು ಚಪ್ಪಾಳೆ ತಟ್ಟಿಸಿದ.

ಆಮೇಲೆ ಘೋಷಣೆ. ಕಂಪನಿ ಈ ಬಯಲನ್ನು ದತ್ತು ತೆಗೆದುಕೊಂಡಿದೆಯಂತೆ. ಓಪನ್ ಪ್ಲಾಜಾ ಮಾಡುತ್ತಾರಂತೆ. ತಾಯಿ ತಂದೆ ಇರುವ ಮಗುವನ್ನು ಯಾರಾದರೂ ದತ್ತು ತೆಗೆದುಕೊಳ್ಳುತ್ತಾರಾ? ನಾನೂ ಚಪ್ಪಾಳೆ ತಟ್ಟಿದೆ. ಥೂ.

ಮಾರ್ಚ್ 29, ಶನಿವಾರ. ಅಮಾವಾಸ್ಯೆ

ಬಯಲಿಗೆ ಬೇಲಿ ಬಂತು. ಹಸಿರು ಬಣ್ಣದ ಕಬ್ಬಿಣ. ಕೆಲಸವನ್ನು ಹೊರಗಿನವರಿಗೆ ಕೊಟ್ಟರು. ಹದಿನಾಲ್ಕು ವೆಲ್ಡಿಂಗ್ ಶೆಡ್ಡಿನ ಎದುರಿಗೇ ಹೊರಗಿನ ವೆಲ್ಡರ್! ಒಳಗೆ ಹೋಗಲು ಗೇಟಿನಲ್ಲಿ ಫೋನಿನಿಂದ ಸ್ಕ್ಯಾನ್ ಮಾಡಬೇಕು, ಹೆಸರು ನಂಬರು ಕೊಡಬೇಕು. ಎರ್ರಮ್ಮನದು ಬಟನ್ ಫೋನು. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಸರ್ವರಿಗೂ ಸ್ವಾಗತ. ಅದರ ಕೆಳಗೆ ಸಣ್ಣಕ್ಷರದಲ್ಲಿ: ಕೂತು ಕೆಲಸ ಮಾಡುವಂತಿಲ್ಲ, ಏನನ್ನೂ ಒಣಹಾಕುವಂತಿಲ್ಲ.

ಹುಣಸೆ ಬಿಡಿಸುವ ಹೆಂಗಸರು ಈಗ ಚರಂಡಿ ಅಂಚಿಗೆ ಕೂರುತ್ತಾರೆ. ಜನ ಬಾಯಿಗೆ ಹಾಕಿಕೊಳ್ಳುವ ಹಣ್ಣು. ಲೈನಿನವರು ಅಳತೆ ಕೊಟ್ಟಿದ್ದೂ ಚರಂಡಿ ಪಕ್ಕದಲ್ಲೇ. ನೊಣ ಓಡಿಸುತ್ತಾ ಟೇಪು ಹಿಡಿದರು.

ನವೆಂಬರ್ 12, ಬುಧವಾರ

ಏಳು ತಿಂಗಳಿಂದ ಇದನ್ನು ತೆರೆದಿರಲಿಲ್ಲ. ಇವತ್ತು ಬರೆಯದೆ ಕೂರಲಾಗುತ್ತಿಲ್ಲ.

ಮಾಮನ ಅಳತೆ ಹಿಡಿದು ಮಷೀನು ಮಾಡುತ್ತಿದ್ದ ಲೈನಿನ ಎಂಟು ಶೆಡ್ಡಿಗೆ ಪೋಸ್ಟಿನಲ್ಲಿ ಕಂಪನಿಯ ನೋಟಿಸು ಬಂತು. ಎಲ್ಲರೂ ನನ್ನ ಹತ್ತಿರವೇ ತಂದರು, ಓದಿ ಹೇಳು ಅಂತ. ಓದಿದೆ. ಹುಣಸೆ ಬೀಜ ತೆಗೆಯುವ ಮಷೀನಿನ ವಿನ್ಯಾಸ ಕಂಪನಿಯ ಹೆಸರಿಗೆ ನೋಂದಣಿಯಾಗಿದೆ. ಇನ್ನು ಮೇಲೆ ಯಾರೂ ಮಾಡುವಂತಿಲ್ಲ, ಮಾರುವಂತಿಲ್ಲ. ಸ್ಪರ್ಧೆಯ ಫಾರ್ಮಿನ ಷರತ್ತಿನಂತೆ ಹಕ್ಕನ್ನು ಬಿಟ್ಟುಕೊಟ್ಟವರು ಕರಿಸಿದ್ದಪ್ಪ. ಮೊದಲು ಯಾರಿಗೂ ತೋರಿಸಿಲ್ಲ ಅಂತ ಘೋಷಿಸಿದವರೂ ಅವರೇ.

ಹುಣಸೆ ಸುಗ್ಗಿ ಮುಂದಿದೆ. ಈ ಸಲ ಇಡೀ ಲೈನು ನಾಲ್ಕು ತಿಂಗಳು ಉಣ್ಣಬೇಕಿದ್ದದ್ದು ಈ ಮಷೀನಿನ ಆರ್ಡರಿನಿಂದ.

"ಅವ ನಮ್ಮನ್ನೆಲ್ಲ ಮಾರ್ಯಾನ" ಅಂದ ಮರುಳಪ್ಪ. "ಶಾಲು ಹೊದ್ದುಕೊಂಡಾಗ ತಿಳೀಬೇಕಿತ್ತು ನಮಗ."

ಮಾಮನನ್ನು ಕರೆಸಿದರು. "ನಾನ್ಯಾವಾಗ ಹಂಗ ಅಂದೀನಿ?" ಅಂದ. ಆಮೇಲೆ ತಾನೇ ಮೆತ್ತಗೆ ಹೇಳಿದ, "ಓಟಿಪಿ ಹೇಳಿದ್ದು ಖರೆ."

ನಾನು ಕಾಗದ ಮಡಚಿ ಕೊಟ್ಟೆ. ಓದುವಾಗ ನನ್ನ ದನಿ ಒಂದು ಸಲವೂ ನಡುಗಲಿಲ್ಲ. ಅದೇ ಹೇಸಿಗೆ ಬರಿಸುತ್ತಿದೆ.

ನವೆಂಬರ್ 14, ಶುಕ್ರವಾರ

ವಕೀಲ ಕೊಟ್ರಸ್ವಾಮಿಯವರ ಆಫೀಸು. ಮಾಮ, ಮರುಳಪ್ಪ, ನಾನು. ಓದಿ ಹೇಳಲಿಕ್ಕೆ ನಾನು ಬೇಕಲ್ಲ.

ವಕೀಲರು ಹೇಳಿದ್ದು ಸರಳ. ನೋಂದಣಿಗೆ ಮೊದಲೇ ಮಷೀನನ್ನು ಬಹಿರಂಗವಾಗಿ ಹತ್ತು ಜನರಿಗೆ ತೋರಿಸಿದ್ದು ಸಾಬೀತಾದರೆ ಆ ನೋಂದಣಿಯನ್ನೇ ರದ್ದು ಮಾಡಿಸಬಹುದು. ನನ್ನ ಫೋಟೋಗಳಿವೆ, ತಾರೀಖಿನ ಸಮೇತ. ಹಿರೇಹಡಗಲಿಯವನ ಲಗ್ನಪತ್ರಿಕೆಯೂ ಸಿಕ್ಕಿದೆ. ನಾನು ದಡ್ಡತನ ಅಂದುಕೊಂಡಿದ್ದೇ ಈಗ ಲೈನಿಗೆ ಉಳಿದಿರುವ ಒಂದೇ ಆಸರೆ.

"ಆದ್ರ ಫಾರ್ಮಿನ್ಯಾಗ ತೋರಿಸಿಲ್ಲ ಅಂತ ಐತಲ್ರಿ. ಅದನ್ನ ಒತ್ತಿದವ್ರು ಬಂದು, ಸುಳ್ಳು ಒತ್ತೀನಿ, ಇಂಥಾ ಕಾರಣಕ್ಕ ಒತ್ತೀನಿ ಅಂತ ಪ್ರಮಾಣ ಮಾಡಬೇಕು. ಯಾರು ಒತ್ತಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸೆರಗು ಸರಿ ಮಾಡಿಕೊಂಡೆ.

"ನಾನ ಒತ್ತೀನ್ರಿ" ಅಂದ ಮಾಮ.

"ನಿಮಗ ಇಂಗ್ಲಿಷ್ ಬರ್ತೈತೇನು? ಅವರ ವಕೀಲ ಒಂದ ಪ್ರಶ್ನಿಗೆ ಕೆಡವ್ತಾನ ನಿಮ್ಮನ್ನ. ಕೇಸು ಬಿದ್ದು ಹೋಗ್ತೈತಿ."

ಮಾಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆ. ಹೀಗೆ ಬರೆದುಕೊಂಡರೆ ಸಮಾಧಾನ. ಸುಳ್ಳು. ನೋಡಿದ್ದರೂ ಹೇಳುತ್ತಿರಲಿಲ್ಲ. ಈ ಊರು ನನ್ನ ಕೈಗೆ ಆಧಾರ್ ಕೊಡುತ್ತದೆ, ಪಾಸ್‌ಬುಕ್ ಕೊಡುತ್ತದೆ, ಓಟಿಪಿ ಹೇಳುತ್ತದೆ. ಸುಕನ್ಯಾ ಕೇಳದೆ ಏನೇನೋ ಒತ್ತುತ್ತಾಳೆ ಅಂತ ಗೊತ್ತಾದರೆ ನಾಳೆ ಈ ಬಾಗಿಲಿಗೆ ಯಾರು ಬರುತ್ತಾರೆ? ಅಂಗಡಿ ಬಿಟ್ಟರೆ ನನಗೆ ಬೇರೆ ಏನೂ ಇಲ್ಲ.

ಕಂಪನಿಯವರನ್ನು ಬಾಯಿತುಂಬ ಬೈದುಕೊಂಡು ಬಂದೆ. ಬಸ್ಸಿನಲ್ಲಿ ಎಲ್ಲರಿಗಿಂತ ಜೋರು ನನ್ನದೇ.

ನವೆಂಬರ್ 20, ಗುರುವಾರ. ಅಮಾವಾಸ್ಯೆ

ಮಾಮ ಒಬ್ಬನೇ ಚರಂಡಿ ಪಕ್ಕಕ್ಕೆ ಮಷೀನು ತಳ್ಳಿಕೊಂಡು ಬಂದ. ರೋಲರಿಗೆ ಹೊಸ ಥರದ ರಬ್ಬರ್ ಹಾಕಿದ್ದಾನೆ. ಕಾಯಿ ಒಡೆದ. ನಿಂತ. ಹತ್ತಾಯಿತು, ಹನ್ನೊಂದಾಯಿತು. ಒಬ್ಬನೂ ಟೇಪು ತರಲಿಲ್ಲ. ಮರುಳಪ್ಪ ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತ.

ಬೇಲಿಯೊಳಗೆ ಕಂಪನಿಯವರ ಓಪನ್ ಡೇ. ಕಾಲೇಜು ಹುಡುಗಿಯರಿಗೆ ಕ್ರಾಂತಿಕುಮಾರ್ ಅದೇ ಮಷೀನಿಗೆ ಹಸಿರು ಬಣ್ಣ ಬಳಿದು ತೋರಿಸುತ್ತಿದ್ದ. ಮುಟ್ಟಬ್ಯಾಡ್ರಿ ಅನ್ನುತ್ತಿದ್ದ.

ಎರ್ರಮ್ಮ ಮಾತ್ರ ಚರಂಡಿ ದಾಟಿ ಬಂದು ಒಂದು ಹೋಳು ಕಾಯಿ ತೆಗೆದುಕೊಂಡಳು. "ತಪ್ಪು ಮಾಡಿದವ್ರು ಹಿಂಗ ಬಿಸಲಾಗ ನಿಂದ್ರಂಗಿಲ್ಲೋ ಸಿದ್ದಪ್ಪ, ನೆಳ್ಳಾಗ ಕುಂತಿರ್ತಾರ" ಅಂದಳು. ನನಗೆ ಕೇಳಲಿ ಅಂತ ಹೇಳಿದ್ದಲ್ಲ. ಕೇಳಿಸಿತು. ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಡಿಸೆಂಬರ್ 19, ಶುಕ್ರವಾರ. ಎಳ್ಳಮಾವಾಸ್ಯೆ, ಬೆಳಿಗ್ಗೆ 9

ಅರ್ಧ ಊರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದೆ. ಲೈನಿನವರು ಅಳತೆ ಮುಗಿಸಿಯೇ ಹೋಗುವುದು.

ಶಟರ್ ಎತ್ತುವಷ್ಟರಲ್ಲಿ ಮಾಮ ನಿಂತಿದ್ದ. ಕೇಸಿಗೆ ಸೋಮವಾರ ಕೊನೆಯ ದಿನ.

"ಒಂದು ಅಫಿಡವಿಟ್ ಟೈಪ್ ಮಾಡಿಕೊಡವ್ವ. ನಾನ ಸುಳ್ಳು ಹೇಳೀನಿ, ಬಹುಮಾನದ ಆಸೀಗೆ ಹೇಳೀನಿ ಅಂತ ಬರಿ."

"ಅದು ನಿಂದ್ರಂಗಿಲ್ಲ ಅಂದಾರಲ್ಲ ಮಾಮ ವಕೀಲರು."

"ಬ್ಯಾರೆ ಯಾರದರ ಹೆಸರು ಐತೇನು ಬರ್ಯಾಕ?"

ಆಗ ನೋಡಿದ ನನ್ನ ಕಡೆ. ಸಿಟ್ಟಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

'ಕರಿಸಿದ್ದಪ್ಪ ಆದ ನಾನು' ಅಂತ ಟೈಪ್ ಮಾಡಿದೆ. ಮುಂದೆ ಕೈ ಓಡಲಿಲ್ಲ. ಹೇಳಿಬಿಟ್ಟೆ. ಕೆಂಪಕ್ಷರ, ಹಸಿರಕ್ಷರ, ಎಲ್ಲ.

ಮಾಮ ಕುರ್ಚಿ ಎಳೆದುಕೊಂಡು ಕೂತ. "ಏನಂತ ಕೇಳಿದ್ರು ಅದರಾಗ? ಕನ್ನಡದಾಗ ಹೇಳು."

"ಇದನ್ನ ಮೊದಲು ನಾಲ್ಕು ಮಂದೀಗೆ ತೋರಿಸೀರೇನು ಅಂತ."

"ಇಷ್ಟಾ?" ಅಂದ. "ನನ್ನ ಕೇಳಿದ್ರ ಹೌದು ಅಂತಿದ್ನಲ್ಲವ್ವ."

"ಬಹುಮಾನ ಬರ್ತಿರ್ಲಿಲ್ಲ ಮಾಮ."

"ಬ್ಯಾಡಾಗಿತ್ತು." ಆಮೇಲೆ "ಪಕ್ಕದಾಗ ಕುಂತಿದ್ದೆ ನಾನು" ಅಂದ.

ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. ಅದು ಸರಿಯೇ.

"ನನಗೊಬ್ಬಂಗ ಹೇಳಿದ್ರ ಏನು ಬಂತು? ಅಲ್ಲಿ ಎಲ್ಲಾರೂ ನಿಂತಾರ. ಬಂದು ಹೇಳು." ಎದ್ದು ಹೋದ.

9:25

ಅಫಿಡವಿಟ್ಟಿನಲ್ಲಿ ಅವನ ಹೆಸರು ಅಳಿಸಿ ನನ್ನದು ಹಾಕಿದೆ. ನಡೆದದ್ದೆಲ್ಲ ಟೈಪ್ ಮಾಡಿ ಪ್ರಿಂಟ್ ತೆಗೆದೆ. ಮಷೀನು ಈ ಸಲ ನುಂಗಲಿಲ್ಲ.

ಮಾಮ ಚರಂಡಿ ಪಕ್ಕ ನಿಂತು ಈ ಕಡೆ ನೋಡುತ್ತಿದ್ದಾನೆ. ಮರುಳಪ್ಪನೂ ಇದ್ದಾನೆ. ಎರ್ರಮ್ಮ ಇದ್ದಾಳೆ. ಎಲ್ಲರಿಗೂ ಹೊಲಕ್ಕೆ ಹೊರಡುವ ಅವಸರ. ಇದನ್ನು ಬರೆಯುತ್ತಾ ಕೂತಿರುವುದೂ ತಡ ಮಾಡುವುದಕ್ಕೇ, ಗೊತ್ತು.

"ಬರ್ತೀಯೇನವ್ವ?" ಅಂತ ಕೂಗಿದ. ಬಂದೆ ಮಾಮ ಅಂದೆ.

ಏನಂತ ಶುರು ಮಾಡಲಿ? ಆ ಕಂಪನಿಯವರು... ಅಲ್ಲ. ಆ ಫಾರ್ಮು ಹೇಗಿತ್ತಂದರೆ... ಅಲ್ಲ, ಅದೂ ಅಲ್ಲ. ನಾನು —