ತೊಳೆದ ನೀರು

ಮಾರ್ಚ್ ೧೧, ಬುಧವಾರ

ಅದೇ ಮಾತು ಕಿವಿಯಲ್ಲಿ ಕೂತಿದೆ. ಇವತ್ತು ನಮ್ಮ ಪಾಲಿಹೌಸ್ ನೋಡಲು ಹೋಳೂರಿನ ರೈತರು ಬಂದಿದ್ದರು. ಟೊಮೇಟೊಗೆ ಮಣ್ಣಿಗಿಂತ ತೆಂಗಿನ ನಾರಿನ ಪುಡಿ, ಕೋಕೋಪೀಟೇ ಮೇಲು, ಅರ್ಧ ನೀರು ಸಾಕು ಎಂದು ಬೀಗುತ್ತಿದ್ದೆ. ನಮ್ಮಲ್ಲಿ ಕೆಲಸ ಮಾಡುವ ಮುನಿವೆಂಕಟಮ್ಮ ಹಿಂದಿನಿಂದ ಕೇಳಿದಳು: "ಉಪ್ಪು ಹೋಗ್ಲಿ ಅಂತ ಆ ಪುಡೀನ ಮೂರು ಸಲ ತೊಳೆದ್ನಲ್ಲಪ್ಪ, ಆ ನೀರು ಸೇರಿಸಿದ್ಯಾ?"

ಸೇರಿಸಿರಲಿಲ್ಲ. ನೆನಪೇ ಆಗಿರಲಿಲ್ಲ. ಆದರೂ, "ಅದೆಲ್ಲ ಲೆಕ್ಕಕ್ಕೆ ಬರಲ್ಲ, ನೀನು ಸುಮ್ನಿರಕ್ಕ" ಅಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಥೂ.

ಊಟವಾದ ಮೇಲೆ ಎಲ್ಲರ ಕೈಗೂ ಆಕೆಯೇ ನೀರು ಹಾಕಿದಳು. ನನ್ನ ಸರದಿ ಬಂದಾಗ ಚೊಂಬು ಬಗ್ಗಿಸದೆ ನಿಂತು, ಮೆಲ್ಲಗೆ, "ಇದು ಬರುತ್ತೇನಪ್ಪ ಲೆಕ್ಕಕ್ಕೆ?" ಅಂದಳು.

ಎಂಜಲು ಕೈ ಚಾಚಿಕೊಂಡೇ ನಿಂತಿದ್ದೆ.