ಗೋಡೆಗೆ ನೀರು ಎಲ್ಲಿಂದ ಬಂತು

ಸವಣೂರು
೨೭ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಅಮ್ಮಾ,

ನಿನಗೆ ನಿನ್ನ ಅನೀಸಳ ಸಲಾಂ. ಉಸಿರು ಈಗ ಹೇಗಿದೆ? ರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು ಕಡಿಮೆಯಾಯಿತೇ? ಮಾಮೂನ ಮನೆ ಬೆಚ್ಚಗಿದೆ, ಒಣಗಿದೆ, ಅದೊಂದು ಸಮಾಧಾನ. ಆದರೆ ಅಕ್ಕಿಆಲೂರಿನ ಗಿರಣಿಗಳ ತೌಡಿನ ಧೂಳು ನಿನಗೆ ಆಗದು, ಆ ಕಡೆಯ ಕಿಟಕಿ ಮುಚ್ಚಿಕೊಂಡೇ ಇರು. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ನಿನಗೆ ಕೆಮ್ಮು ಹತ್ತುತ್ತದೆ, ನಾನು ಗಾಬರಿಯಾಗಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮಾಮೂನ ಮಗಳು ಮಾಹೀರಾ ಓದಿ ಹೇಳಲಿ. ಮಾಹೀರಾ, ಅವಸರ ಮಾಡಬೇಡಮ್ಮ, ಸಾಲು ಹಾರಿಸಬೇಡ.

ನೀನು ಹೋದ ಮೇಲೆ ನಿನ್ನ ಮಂಚವನ್ನು ಗೋಡೆಯಿಂದ ಸರಿಸಿ ನೋಡಿದೆ. ನಿನ್ನ ತಲೆದಿಂಬಿನ ಎತ್ತರದವರೆಗೂ ಕಪ್ಪು ಬೂಸ್ಟು. ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು, ಬೆರಳು ತಾಗಿಸಿದರೆ ಉದುರಿ ಒಳಗಿನಿಂದ ಬಿಳಿ ಉಪ್ಪು ಬೀಳುತ್ತಿತ್ತು. ಡಾಕ್ಟರು ನಿನ್ನನ್ನು ಈ ಕೋಣೆಯಲ್ಲಿ ಮಲಗಿಸಬೇಡಿ ಎಂದದ್ದು ಯಾಕೆಂದು ಆಗ ನನಗೆ ಪೂರ್ತಿ ತಿಳಿಯಿತು. ಗೌಂಡಿ ಕೆಲಸದ ನಮ್ಮ ರಫೀಕ ಈ ಗೋಡೆಗೆ ಎರಡು ಸಲ ಹಳೆಯ ಗಾರೆ ಕೆತ್ತಿ ಸಿಮೆಂಟಿನ ಗಿಲಾವು ಮಾಡಿದ, ನೀರು ತಡೆಯುವ ಬಣ್ಣ ಬಳಿದ. ತನ್ನ ಖಾಲಾನ, ಚಿಕ್ಕಮ್ಮನ ಮನೆ ಎಂದು ಬೇರೆಯವರ ಕೆಲಸ ಬಿಟ್ಟು ಬಂದು ಮಾಡಿದ ಹುಡುಗ. ಎರಡೂ ಸಲ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ತೇವ ಒಂದು ಗೇಣು ಮೇಲೇರಿತ್ತು. ಈ ಸಲ ಅವನನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ. ಕರೆಯದಿರಲೂ ಮುಜುಗರ.

ಇನ್ನಿಬ್ಬರು ಗುತ್ತಿಗೆದಾರರನ್ನು ಕರೆಸಿದೆ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ಈ ನೀರು ಎಲ್ಲಿಂದ ಬರುತ್ತಿದೆ? ಒಬ್ಬ ಮಳೆ ಎಂದ. ಇನ್ನೊಬ್ಬ, ಎಲ್ಲಿಂದಾದರೂ ಬರಲಿ, ನಾನು ಕಾಣದಂತೆ ಮಾಡಿಕೊಡುತ್ತೇನೆ ಎಂದು ಟೇಪು ಹಿಡಿದು ಗೋಡೆ ಅಳೆಯತೊಡಗಿದ. ಆಮೇಲೆ ಹಿರೇಕೆರೂರಿಗೆ ಶಿಕ್ಷಕರ ತರಬೇತಿಗೆ ಹೋಗಿದ್ದಾಗ ಅಲ್ಲಿಯ ಹಳೆಯ ಶಾಲೆಯೊಂದರ ಗೋಡೆ ನೋಡಿದೆ. ನಮ್ಮ ಗೋಡೆಗಿಂತ ಹಳೆಯದು, ಆದರೂ ಮುಟ್ಟಿದರೆ ಒಣ ಹಲಗೆಯಂತಿತ್ತು. ಅದನ್ನು ಸರಿಮಾಡಿದವಳು ಹಂಸಭಾವಿಯ ಫಕ್ಕೀರವ್ವ ಎಂದರು. ಹೆಣ್ಣುಮಗಳೇ ಎಂದು ನಾನೂ ಒಂದು ಗಳಿಗೆ ಅನುಮಾನಪಟ್ಟೆ, ಸುಳ್ಳು ಹೇಳುವುದಿಲ್ಲ. ತಂದೆಯ ಜೊತೆ ಗಾರೆ ಕಲಸುತ್ತ ಬೆಳೆದವಳಂತೆ. ಈಗ ಅವಳ ಕೈಕೆಳಗೆ ಆರು ಜನ ಗೌಂಡಿಗಳಿದ್ದಾರೆ.

ಅವಳಿಗೂ ಅದೇ ಪ್ರಶ್ನೆ ಕೇಳಿದೆ. “ಗೊತ್ತಿಲ್ರಿ ಅಕ್ಕೋರ. ನೋಡಿದ ಮ್ಯಾಲೆ ಹೇಳ್ತೇನಿ” ಎಂದಳು. ಆ ‘ಗೊತ್ತಿಲ್ಲ’ ಕೇಳಿದಾಗಲೇ ಕೆಲಸ ಇವಳಿಗೇ ಎಂದು ನಾನು ನಿಶ್ಚಯಿಸಿಬಿಟ್ಟೆ. ಮಾಳಿಗೆ ಹತ್ತಿದಳು, ಬಚ್ಚಲಿನ ನೀರು ಹೋಗುವ ದಾರಿ ನೋಡಿದಳು. ಒಳಗೆ ಬಂದು ಗೋಡೆಗೆ ಒಂದು ಮೊಳದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದಳು. “ಎರಡ ದಿನ ಮುಟ್ಟಬ್ಯಾಡ್ರಿ. ಹಾಳಿ ಮ್ಯಾಲೆ ನೀರ ಕುಂತ್ರ ಅದು ಕ್ವಾಣ್ಯಾಗಿನ ಗಾಳೀದು. ಒಳಗಿನ ಮಗ್ಗಲಕ್ಕ ಕುಂತ್ರ ಗ್ವಾಡೀದು” ಎಂದು ಹೇಳಿ ಹೋದಳು.

ಅಷ್ಟರಲ್ಲಿ ಸುದ್ದಿ ರಫೀಕನಿಗೆ ಮುಟ್ಟಿತು. ಫಕ್ಕೀರವ್ವ ಮರಳಿ ಬಂದ ದಿನವೇ ಅವನೂ ಬಂದ. ಮುಖ ಕೆಂಪಾಗಿತ್ತು. “ಆಪಾ, ಹಂಸಭಾವಿಂದ ಮಂದಿ ಕರಸೂವಂಥಾದ್ದು ನನ್ನ ಕೆಲಸದಾಗ ಏನ್ ಕಮ್ಮಿ ಆಗೇತ್ರಿ?” ಎಂದ. ಫಕ್ಕೀರವ್ವ ಗೋಡೆಯ ಮೇಲೆ ಅಂಗೈ ಆಡಿಸಿ, “ತಮ್ಮಾ, ನಿನ್ನ ಕೈ ಚಲೋ ಐತಿ. ಆದ್ರ ಇದು ಸುಣ್ಣದ ಗಾರಿ ಹಾಕಿ ಕಟ್ಟಿದ ಹಳೇ ಗ್ವಾಡಿ. ಮ್ಯಾಲೆ ಸಿಮೆಂಟ್ ಬಡದ್ರ ಒಳಗ ಹೊಕ್ಕ ನೀರಿಗೆ ಹೊರಗ ಬರಾಕ ದಾರಿ ಇರೂದಿಲ್ಲ, ಮ್ಯಾಲೆ ಏರತೈತಿ” ಎಂದು ಆ ಹಾಳೆಯನ್ನು ಅವನ ಕೈಯಿಂದಲೇ ಬಿಚ್ಚಿಸಿದಳು. ಒಳಮಗ್ಗುಲಿನಲ್ಲಿ ಹನಿಗಳು ಸಾಲುಗಟ್ಟಿದ್ದವು. ರಫೀಕ ಬೆರಳಿನಿಂದ ಒರೆಸಿ ನೋಡಿದ. “ಖಾಲಾಗ ಉಸುರು ಹತ್ತಿದ್ದು ನನ್ನ ಗಿಲಾವದಿಂದ ಏನ್ರಿ?” ಎಂದು ಮೆಲ್ಲಗೆ ಕೇಳಿದ. ಗಿಲಾವು ಆಮೇಲಿನ ಮಾತು, ಮೊದಲು ನೀರು ಒಳಹೊಕ್ಕ ದಾರಿ ಬೇರೆ ಇದೆ ಎಂದಳು ಫಕ್ಕೀರವ್ವ. ಅವನು ಚಹಾ ಸಹ ಕುಡಿಯದೆ ಹೊರಟುಹೋದ.

ಆ ದಾರಿಯನ್ನು ಅವಳು ನನಗೆ ಹಿತ್ತಲಲ್ಲಿ ತೋರಿಸಿದಳು. ಒಂದು ಕೊಡ ನೀರು ಸುರಿದಳು. ಅಮ್ಮಾ, ಅಷ್ಟೂ ನೀರು ನಿನ್ನ ಕೋಣೆಯ ಗೋಡೆಯ ಕಡೆಗೇ ಓಡಿತು. ಹಿತ್ತಲ ಕಾಂಕ್ರೀಟು ನಮ್ಮ ಒಳನೆಲಕ್ಕಿಂತ ನಾಲ್ಕು ಬೆರಳು ಎತ್ತರವಿದೆ, ಇಳಿಜಾರು ಒಳಮುಖವಾಗಿದೆ.

“ಅದು ನಮ್ಮ ಅಬ್ಬಾ ಹಾಕಿದ್ದು” ಎಂದೆ. ನೀನು ಕೆಸರಿನಲ್ಲಿ ಜಾರಿ ಮುಂಗೈ ಮುರಿದುಕೊಂಡ ವರ್ಷ, ಅಬ್ಬಾ ಯಾರನ್ನೂ ಕರೆಯದೆ ತಾವೇ ಜಲ್ಲಿ ಹೊತ್ತು ಹಾಕಿದ್ದನ್ನು ಅವಳಿಗೆ ಹೇಳಿದೆ. ಮರುವರ್ಷವೇ ಅವರು ತೀರಿಕೊಂಡರೆಂದೂ, ನೀನು ಇವತ್ತಿಗೂ ಅದನ್ನು ಬೇರೆಯವರ ಕೈಯಲ್ಲಿ ತೊಳೆಸುವುದಿಲ್ಲವೆಂದೂ ಹೇಳಿದೆ. ಫಕ್ಕೀರವ್ವ ಬಗ್ಗಿ ಕಾಂಕ್ರೀಟನ್ನು ಬೆರಳಿನಿಂದ ತಟ್ಟಿ ನೋಡಿದಳು. “ಗಟ್ಟಿ ಹಾಕ್ಯಾರ್ರಿ ಹಿರ್‍ಯಾರು. ಒಂದ ಸೀಳೂ ಬಿಟ್ಟಿಲ್ಲ. ಆದ್ರ ಇದನ್ನ ತಗದು ನೆಲ ಇಳಸದ ನಾ ಗ್ವಾಡಿ ಮುಟ್ಟೂದಿಲ್ಲ. ಮುಟ್ಟಿದ್ರ ನಿಮಗ ಮೋಸ ಮಾಡಿದಂಗ ಆಕ್ಕೇತಿ” ಎಂದಳು.

ನಾಲ್ಕು ದಿನ ಯೋಚಿಸಿದೆ. ಹಿತ್ತಲಿಗೆ ಹೋದಾಗಲೆಲ್ಲ ಅಬ್ಬಾ ಮೊಣಕಾಲೂರಿ ಕರಣೆ ಎಳೆಯುತ್ತಿದ್ದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಅವರು ಇದ್ದಿದ್ದರೆ ತಾವೇ ಒಡೆಯುತ್ತಿದ್ದರು ಎಂದು ಒಮ್ಮೆ ಅನಿಸುತ್ತದೆ. ಇಲ್ಲದವರ ಬಾಯಿಂದ ನನಗೆ ಬೇಕಾದ ಮಾತನ್ನು ಆಡಿಸುತ್ತಿದ್ದೇನೆಯೋ ಎಂದೂ ಅನಿಸುತ್ತದೆ.

ಔಷಧಿ ತಪ್ಪಿಸಬೇಡ. ಮಾಮೂಗೆ ನನ್ನ ಸಲಾಂ, ಮಾಹೀರಾಳಿಗೆ ಮುದ್ದು. ಅಲ್ಲಾಹ ನಿನಗೆ ತುಂಬು ಉಸಿರು ಕೊಡಲಿ.

ನಿನ್ನ ಮಗಳು
ಅನೀಸ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹಿತ್ತಲ ಕಾಂಕ್ರೀಟನ್ನು ನಿನ್ನೆ ಒಡೆಸಿದೆ ಅಮ್ಮಾ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಮತ್ತೆ ಬಂದು ಅದೇ ಮಂಚದಲ್ಲಿ ಮಲಗುತ್ತಿದ್ದೆ. ಮೊದಲ ಏಟು ನಾನೇ ಹಾಕಿದೆ, ಎರಡನೆಯದಕ್ಕೆ ಕೈ ಏಳಲಿಲ್ಲ. ಕರೆಯದೇ ಬಂದು ನಿಂತಿದ್ದ ರಫೀಕ ಸುತ್ತಿಗೆ ತೆಗೆದುಕೊಂಡು, “ಅತ್ತಾಗ ಸರೀರಿ ಆಪಾ, ಇದು ನನ್ನ ಕೆಲಸ” ಎಂದ. ಸಂಜೆವರೆಗೂ ಅಳುತ್ತಲೇ ಒಡೆದ. ಗೋಡೆ ಒಣಗಲು ಬೇಸಿಗೆ ಬರಬೇಕಂತೆ. ಅವನು ಮಂಗಳವಾರ ನಿನ್ನನ್ನು ನೋಡಲು ಬರುತ್ತಾನೆ. ಬೈಯುವುದೆಲ್ಲ ನನ್ನನ್ನು ಬೈದುಕೋ, ಅವನಿಗೆ ಊಟ ಹಾಕಿಸಿ ಕಳಿಸು.